ಟೆನ್ನಿಸ್ ಮೊಣಕೈ

2019ನೆಯ ಇಸವಿಯ ಕಾರ್ತಿಕ ಮಾಸದಲ್ಲಿ, ಅಡಿಕೆಯ ಕೊಯ್ಲು ಭರದಿಂದ ನಡೆಯುತ್ತಿದ್ದಾಗ, ಹೊಸನಗರ ತಾಲ್ಲೂಕಿನ ನಗರದ ಸಮೀಪದ ಒಂದು ಮನೆಗೆ ಸಾಗರದ ವೈದ್ಯರೊಬ್ಬರ ಚೀಟಿ ಬಂದಿತು. ಮನೆಯ ಯಜಮಾನರು ಅಡಿಕೆಯ ಲೆಕ್ಕಕ್ಕಾಗಿ ಸಾಗರದ ಮಂಡಿಗೆ ಹೋಗುವವರಿದ್ದರು. ಬಹು ದಿನಗಳಿಂದ ಬಲಗೈಯ ನೋವನ್ನು ನುಂಗಿಕೊಂಡು ಓಡಾಡುತ್ತಿದ್ದ ತಂಗಿಯನ್ನೂ ಜೊತೆಯಲ್ಲಿ ಕರೆದೊಯ್ದು ಮೂಳೆಯ ವೈದ್ಯರಿಗೆ ತೋರಿಸಿಕೊಂಡು ಬಂದಿದ್ದರು. ಚೀಟಿಯಲ್ಲಿ ಆಕೆಯ ಹೆಸರು, ವಯಸ್ಸು, ಒಂದು ಗುಳಿಗೆ, ಮೊಣಕೈಯ ಕೆಳಗೆ ಬಿಗಿಯತಕ್ಕ ಪಟ್ಟಿ, ಇಷ್ಟೂ ಇದ್ದು, ಎಲ್ಲಕ್ಕೂ ಮೇಲೆ ಇಂಗ್ಲಿಷಿನಲ್ಲಿ ಎರಡು ಮಾತುಗಳಿದ್ದುವು. ತೀರ್ಥಹಳ್ಳಿಯ ಕಾಲೇಜಿನಲ್ಲಿ ಓದುತ್ತಿದ್ದ ಮಗನು ಅದನ್ನು ದೀಪದ ಬಳಿಗೆ ಹಿಡಿದು ಗಟ್ಟಿಯಾಗಿ ಓದಿದನು: ಟೆನ್ನಿಸ್ ಎಲ್ಬೋ.

ಅಂಗಳದ ಚಪ್ಪರದಡಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತಿದ್ದವರೆಲ್ಲ ಕೈ ನಿಲ್ಲಿಸಿ ನಕ್ಕರು. “ಅತ್ತೆ, ನೀನು ಟೆನ್ನಿಸ್ ಆಡಿದ್ದು ಯಾವಾಗ?” ಎಂದು ಹುಡುಗನು ಕೇಳಿದನು. ಆಕೆಗೂ ನಗೆ ಬಂದಿತು. “ಅದೆಂಥ ಆಟವೋ ಮಾರಾಯ, ಕಣ್ಣಲ್ಲೇ ಕಂಡಿಲ್ಲ” ಎಂದು ಹೇಳಿ, ನೋಯುವ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ನಗದೆ ಇದ್ದವರು ಯಜಮಾನರೊಬ್ಬರೇ.

ಅವರನ್ನು ಊರಿನವರು ಹವಾಲ್ದಾರರೆಂದೇ ಕರೆಯುವುದು. ಸೈನ್ಯದ ವೈದ್ಯಕೀಯ ದಳದಲ್ಲಿ ಗುಮಾಸ್ತೆಯಾಗಿ ಸೇರಿ, ಅನೇಕ ಸೈನಿಕ ಆಸ್ಪತ್ರೆಗಳಲ್ಲಿ ಲೆಡ್ಜರುಗಳ ಮುಂದೆ ಕುಳಿತು, ಹವಾಲ್ದಾರ್ ಪದವಿಯಲ್ಲಿ ನಿವೃತ್ತರಾಗಿ ಊರಿಗೆ ಮರಳಿದವರು. ಯುದ್ಧದ ಕಥೆಗಳನ್ನು ಕೇಳಬೇಕೆಂದು ಬಂದ ಮಕ್ಕಳಿಗೆ ಅವರಿಂದ ನಿರಾಶೆಯೇ ಆಗುತ್ತಿತ್ತು. ಅವರು ಬಲ್ಲ ಕಥೆಗಳಲ್ಲಿ ಗುಂಡಿಗಿಂತ ಕಾಗದವೇ ಹೆಚ್ಚು. ಆದರೆ ಈ ಎರಡು ಇಂಗ್ಲಿಷ್ ಮಾತುಗಳು ಮಾತ್ರ ಅವರಿಗೆ ಹಳೆಯ ಪರಿಚಯದವು. ತಂಗಿಗೆ ಈಗ ಬಂದಿದ್ದ ಬೇನೆ ಒಂದು ಕಾಲದಲ್ಲಿ ಅವರಿಗೂ ಬಂದಿತ್ತು, ಅದೂ ಬಲಗೈಗೇ.

ಈ ಬೇನೆಯ ಹೆಸರಿನ ಹಿಂದೆ ಒಂದು ಸಣ್ಣ ಚರಿತ್ರೆಯುಂಟು. ಹುಲ್ಲುನೆಲದ ಮೇಲೆ ಆಡುವ ಟೆನ್ನಿಸ್ ಆಟವನ್ನು ಪೆಟ್ಟಿಗೆಯಲ್ಲಿಟ್ಟು ಮಾರಾಟಕ್ಕೆ ತಂದವನು ಸೈನ್ಯದವನೇ. ಭಾರತದಲ್ಲಿಯೂ ಚೀನದಲ್ಲಿಯೂ ಸೇವೆ ಸಲ್ಲಿಸಿದ್ದ ಮೇಜರ್ ವಾಲ್ಟರ್ ಕ್ಲಾಪ್ಟನ್ ವಿಂಗ್‌ಫೀಲ್ಡನು 1874ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಆಟವು ಹಬ್ಬಿದ ಹತ್ತು ವರ್ಷಗಳೊಳಗಾಗಿಯೇ ವೈದ್ಯರ ಪತ್ರಿಕೆಗಳಲ್ಲಿ ಅದರ ನೋವೂ ಕಾಣಿಸಿಕೊಂಡಿತು. 1882ರಲ್ಲಿ ಹೆನ್ರಿ ಮಾರಿಸ್ ಎಂಬ ವೈದ್ಯನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕುದುರೆ ಸವಾರರ ಉಳುಕನ್ನು ಕುರಿತು ಬರೆಯುತ್ತ ಟೆನ್ನಿಸ್ ಆಡುವವರ ತೋಳನ್ನು ಪ್ರಸ್ತಾಪಿಸಿದನು. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಮೇಜರ್ ಎಂಬಾತನು ಟೆನ್ನಿಸ್ ಮೊಣಕೈ ಎಂಬ ಹೆಸರನ್ನೇ ತಲೆಬರಹವಾಗಿ ಹಾಕಿದನು. (ಈ ಎರಡನೆಯ ಮೇಜರನದು ಸೈನ್ಯದ ಪದವಿಯಲ್ಲ, ಮನೆತನದ ಹೆಸರು.) ಆದರೆ ವಾಚಕರು ಗಮನಿಸತಕ್ಕ ಸಂಗತಿ ಬೇರೆಯೊಂದಿದೆ. ವಿಂಗ್‌ಫೀಲ್ಡನ ಪೆಟ್ಟಿಗೆ ಅಂಗಡಿಗೆ ಬರುವ ಮುನ್ನವೇ, 1873ರಲ್ಲಿ, ರುಂಗೆ ಎಂಬ ಜರ್ಮನ್ ವೈದ್ಯನು ಇದೇ ನೋವನ್ನು ವರ್ಣಿಸಿದ್ದನು. ಆತನು ಅದನ್ನು ಕಂಡುದು ಬರೆಯುವವರ ಕೈಯಲ್ಲಿ, ಲೇಖನಿ ಹಿಡಿದವರ ಬೇನೆಯೆಂದು. ಆಟಗಾರರ ಹೆಸರು ನಿಂತಿತು. ಬರೆಯುವವರ ಹೆಸರು ಹಿಂದೆ ಬಿದ್ದಿತು.

ಹವಾಲ್ದಾರರ ಮೊಣಕೈಗೆ ಈ ಎರಡು ಕಾರಣಗಳೂ ಸಲ್ಲುತ್ತಿದ್ದುವೆಂಬುದೇ ಅವರ ಪ್ರಕರಣದ ಸ್ವಾರಸ್ಯ. ಹಗಲೆಲ್ಲ ಬರವಣಿಗೆ. ಸಾಯಂಕಾಲ ಅಧಿಕಾರಿಗಳ ಟೆನ್ನಿಸ್ ಅಂಗಳದಲ್ಲಿ ನಾಲ್ಕನೆಯವರು ಸಿಗದ ದಿನ, ಡಾಕ್ಟರ್ ಸಾಹೇಬರು ಆಫೀಸಿನ ಕಿಟಕಿಯಿಂದಲೇ ಕರೆಯುತ್ತಿದ್ದರು. ಮಲೆನಾಡಿನ ಹುಡುಗ, ಅಡಿಕೆಮರದ ಕೊನೆಗೆ ಗುರಿಯಿಟ್ಟು ಕಲ್ಲೆಸೆದು ಬೆಳೆದವನು. ರಾಕೆಟ್ಟು ಬಹು ಬೇಗ ಕೈಗೆ ಒಗ್ಗಿತು. ಎಡಮಗ್ಗುಲಿಗೆ ಬಂದ ಚೆಂಡನ್ನು ಅಂಗೈ ತಿರುಗಿಸಿ ಹಿಂಗೈಯಲ್ಲಿ ಹೊಡೆಯುವುದರಲ್ಲಿ ಅವರಿಗೆ ಒಂದು ಹೆಸರೇ ಬಂದಿತ್ತು. ವೈದ್ಯರು ಹೇಳುವಂತೆ ಆ ಹಿಂಗೈಯ ಹೊಡೆತದಲ್ಲಿಯೇ ಮೊಣಕೈಯ ಹೊರಮಗ್ಗುಲಿನ ಗಂಟಿಗೆ ಅಂಟಿದ ಸ್ನಾಯುರಜ್ಜು ಹೆಚ್ಚಾಗಿ ಜಗ್ಗುವುದು. ಅದು ಒಂದು ದಿನದಲ್ಲಿ ಹರಿಯುವುದಿಲ್ಲ. ಎಳೆ ಎಳೆಯಾಗಿ ಸವೆಯುತ್ತದೆ. ಹಿಂದೆ ಅದನ್ನು ಉರಿಯೂತವೆಂದು ತಿಳಿಯುತ್ತಿದ್ದರು; ಈಚಿನವರು ಸವೆತವೆಂದೇ ಹೆಚ್ಚಾಗಿ ಹೇಳುತ್ತಾರೆ.

ಆ ವರ್ಷದ ಮಳೆಗಾಲದಲ್ಲಿ ಅದೇ ಅಂಗಳದಲ್ಲಿ ಒಬ್ಬ ಕ್ಯಾಪ್ಟನ್ನರು ಜಾರಿ ಬಿದ್ದು ಕಾಲಿನ ಹರಡನ್ನು ಉಳುಕಿಸಿಕೊಂಡರು. ಅದರ ಕಾಗದವನ್ನು ಸಿದ್ಧಪಡಿಸಿದವರು ಹವಾಲ್ದಾರರೇ. ಸೈನ್ಯದಲ್ಲಿ ಗಾಯದ ವರದಿಗೆ ಐ.ಎ.ಎಫ್.ವೈ. 2006 ಎಂಬ ಅಂಕಿತದ ನಮೂನೆಯೊಂದುಂಟು. ಗಾಯವಾದುದು ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಹೇಗೆ, ಕಂಡವರು ಯಾರು, ಆಗ ಆ ಮನುಷ್ಯನು ಕರ್ತವ್ಯದ ಮೇಲಿದ್ದನೇ ಇಲ್ಲವೇ, ತಪ್ಪು ಯಾರದು, ಈ ಪ್ರಶ್ನೆಗಳಿಗೆಲ್ಲ ಉತ್ತರವನ್ನು ಬರೆದು ಮೇಲಧಿಕಾರಿಗಳು ರುಜು ಹಾಕಬೇಕು. ಹೊರಗಿನವರಿಗೆ ಇದು ಕಾಗದದ ಕಾಟವೆನಿಸಬಹುದು. ಆದರೆ ಮುಂದೆ ಆ ಕಾಲು ಕುಂಟಾಗಿ ಉಳಿದರೆ, ಅಂಗವೈಕಲ್ಯದ ಪಿಂಚಣಿ ನಿಲ್ಲುವುದು ಈ ಒಂದು ಹಾಳೆಯ ಮೇಲೆ. 1982ರ ಅರ್ಹತಾ ನಿಯಮಗಳ ಪ್ರಕಾರ ವೈಕಲ್ಯವು ಸೇವೆಯಿಂದ ಹುಟ್ಟಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು. ಶೇಕಡಾ 20ಕ್ಕೆ ಕಡಿಮೆಯಾಗಿರಬಾರದು. ಈ ನಿಯಮಗಳು 2008ರಲ್ಲಿಯೂ 2023ರಲ್ಲಿಯೂ ಹೊಸ ರೂಪ ತಾಳಿದುವು.

ಆಟವು ಕರ್ತವ್ಯವೇ? ನಿಯಮವನ್ನು ಬರೆದವರು ಇದನ್ನು ಹಗುರವಾಗಿ ಬಿಟ್ಟಿರಲಿಲ್ಲ. ಸೈನ್ಯದ ತಂಡದ ಪರವಾಗಿ ಪಂದ್ಯದಲ್ಲಿ ಆಡುವವನು ಕರ್ತವ್ಯದಲ್ಲಿರುವವನೇ ಸರಿ. ಸ್ಥಳೀಯ ಅಧಿಕಾರಿಗಳು ಏರ್ಪಡಿಸಿದ ಅಥವಾ ಒಪ್ಪಿದ, ಮೊದಲೇ ಗೊತ್ತುಮಾಡದೆ ಆಡಿದ ಆಟದಲ್ಲಿ ಪೆಟ್ಟಾದರೂ ಕರ್ತವ್ಯದಲ್ಲಿ ಆದಂತೆಯೇ ಎಣಿಕೆ. ಆದರೆ ತನ್ನ ಸ್ವಂತ ಹೆಸರಿನಲ್ಲಿ ಪಂದ್ಯಕ್ಕೆ ಹೋದವನಿಗೆ, ಹೋಗಲು ಅಪ್ಪಣೆಯನ್ನೇ ಪಡೆದಿದ್ದರೂ, ಆ ರಕ್ಷಣೆಯಿಲ್ಲ. ಒಂದೇ ಅಂಗಳ, ಒಂದೇ ಚೆಂಡು, ಒಂದೇ ಬಗೆಯ ಉಳುಕು. ಯಾರ ಹೆಸರಿನಲ್ಲಿ ಆಡಿದನೆಂಬುದರ ಮೇಲೆ ಲೆಕ್ಕ ಬೇರೆ. ಇದರಲ್ಲಿ ನ್ಯಾಯವಿಲ್ಲವೆಂದು ಹೇಳಲಾಗದು. ಎಲ್ಲಿಯಾದರೂ ಒಂದು ಗೆರೆಯನ್ನು ಎಳೆಯಲೇಬೇಕಷ್ಟೆ. ಕ್ಯಾಪ್ಟನ್ನರ ಕಾಗದವು ಯಾವ ಅಡ್ಡಿಯೂ ಇಲ್ಲದೆ ಮುಂದೆ ಹೋಯಿತು.

ಕೆಲವು ತಿಂಗಳ ಮೇಲೆ ಹವಾಲ್ದಾರರ ಕೈ ನೋಯತೊಡಗಿತು. ನೀರಿನ ಲೋಟವನ್ನು ಎತ್ತಲಾಗದೆ, ರುಜು ಮಾಡಲಾಗದೆ, ಕೊನೆಗೊಂದು ಬೆಳಿಗ್ಗೆ ಅವರೂ ರೋಗಿಗಳ ಸಾಲಿನಲ್ಲಿ ನಿಂತರು. ಜೊತೆಯಲ್ಲಿ ಆಡುತ್ತಿದ್ದ ಡಾಕ್ಟರ್ ಸಾಹೇಬರೇ ಕೈ ಹಿಡಿದು ನೋಡಿ, ಗಂಟನ್ನು ಒತ್ತಿ, ನಕ್ಕು, ಕಾಯಿಲೆಯ ಹೆಸರನ್ನು ಹೇಳಿದರು. ಆಮೇಲೆ ನಮೂನೆಯನ್ನು ಮುಂದಿಟ್ಟುಕೊಂಡು ಕೇಳಿದರು: ಇದು ಮೊದಲಾದುದು ಯಾವಾಗ?

ನೂರಾರು ಜನರ ಉತ್ತರಗಳನ್ನು ಆ ಅಂಕಣದಲ್ಲಿ ಅಚ್ಚುಕಟ್ಟಾಗಿ ತುಂಬಿದ್ದ ಹವಾಲ್ದಾರರಿಗೆ ತಮ್ಮ ಉತ್ತರ ಸಿಗಲಿಲ್ಲ. ಯಾವ ದಿನವೆಂದು ಬರೆಯುವುದು? ಯಾವ ಹೊತ್ತು? ಕಂಡವರು ಯಾರು? ಬರೆಯುವಾಗಲೋ ಆಡುವಾಗಲೋ? ಎರಡೂ ಕರ್ತವ್ಯವೇ ಆಗಿದ್ದರೂ, ಗಾಯದ ವರದಿಗೆ ಒಂದು ಗಳಿಗೆ ಬೇಕು, ಸವೆತಕ್ಕೆ ಗಳಿಗೆಯೆಂಬುದಿಲ್ಲ. ನಮೂನೆಯು ಮಡಿಕೆಯಾಗಿ ಪುನಃ ಕಟ್ಟಿಗೆ ಸೇರಿತು. ಹಗುರವಾದ ಕೆಲಸವನ್ನು ಕೊಡಬೇಕೆಂಬ ಒಂದು ಟಿಪ್ಪಣಿಯಾಯಿತು. ವರ್ಷದೊಳಗೆ ನೋವು ತಾನಾಗಿಯೇ ಇಳಿಯಿತು. ಈ ಬೇನೆ ಬಹುಮಂದಿಗೆ ಒಂದೆರಡು ವರ್ಷಗಳಲ್ಲಿ ಹಾಗೆಯೇ ಇಳಿಯುವುದು. ಸೈನಿಕರ ದೇಹಸ್ಥಿತಿಯನ್ನು ಐದು ಅಕ್ಷರಗಳಲ್ಲಿ ಅಳೆಯುವ ಷೇಪ್ ಎಂಬ ಕ್ರಮವೊಂದುಂಟು: ಮನಸ್ಸು, ಕಿವಿ, ಕೈಕಾಲುಗಳು, ದೇಹಶಕ್ತಿ, ಕಣ್ಣು. ಬಿಡುಗಡೆಯ ದಿನ ಅವರ ಕೈಕಾಲುಗಳ ಮುಂದೆ 1 ಎಂಬ ಅಂಕವಿತ್ತು, ಅಂದರೆ ದೋಷವಿಲ್ಲ. ಅದು ಸುಳ್ಳೂ ಅಲ್ಲ. ಅವರಿಗೆ ಅದರ ಮೇಲೆ ದೂರೂ ಇರಲಿಲ್ಲ.

ರೋಗಗಳಿಗೆ ಅಂಕ ಹಾಕುವ ವಿದ್ಯೆಯನ್ನು ಕುರಿತು ಇಲ್ಲಿ ಸ್ವಲ್ಪ ಹೇಳಬೇಕು. 1893ರಲ್ಲಿ ಬರ್ಟಿಲಾನ್ ಎಂಬ ಫ್ರೆಂಚ್ ವಿದ್ವಾಂಸನು ಮರಣಕಾರಣಗಳ ಪಟ್ಟಿಯೊಂದನ್ನು ಮಾಡಿದನು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದರ ಆರನೆಯ ಆವೃತ್ತಿಯನ್ನು ಕೈಗೆತ್ತಿಕೊಂಡು, ಕೊಲ್ಲದ ರೋಗಗಳನ್ನೂ ಅದರಲ್ಲಿ ಸೇರಿಸಿತು. ಹತ್ತನೆಯ ಆವೃತ್ತಿಯಲ್ಲಿ ಟೆನ್ನಿಸ್ ಮೊಣಕೈಗೆ ಎಂ 77.1 ಎಂಬ ಅಂಕವಿದೆ. ಅದು ಸಂಧಿ ಸ್ನಾಯುಗಳ ರೋಗದ ಅಧ್ಯಾಯದಲ್ಲಿದೆ. ಕ್ಯಾಪ್ಟನ್ನರ ಹರಡಿನ ಉಳುಕು ಗಾಯಗಳ ಅಧ್ಯಾಯದಲ್ಲಿದೆ. ಗಾಯವಾದರೆ ಅದರ ಹಿಂದೆ ಕಾರಣದ ಅಂಕವನ್ನೂ ಹಾಕಬೇಕು. ಜಾರಿದುದಕ್ಕೆ ಒಂದು, ಆಟದ ಸಾಮಾನಿನಿಂದ ಪೆಟ್ಟಾದುದಕ್ಕೆ ಒಂದು, ಮರದಿಂದ ಬಿದ್ದುದಕ್ಕೆ ಡಬ್ಲ್ಯು 14. ಸ್ಥಳಕ್ಕೂ ಅಂಕ: ಆಟದ ಬಯಲಿಗೆ 3, ಬೇಸಾಯದ ನೆಲಕ್ಕೆ 7. ಆಗ ಏನು ಮಾಡುತ್ತಿದ್ದನೆಂಬುದಕ್ಕೂ ಅಂಕ: ಆಟಕ್ಕೆ 0, ಸಂಬಳದ ದುಡಿಮೆಗೆ 2, ಮನೆಗೆಲಸ ಮುಂತಾದ ಸಂಬಳವಿಲ್ಲದ ದುಡಿಮೆಗೆ 3. ಅಮೆರಿಕದವರು ತಮ್ಮ ಬಳಕೆಗೆಂದು ತಿದ್ದಿಕೊಂಡ ಆವೃತ್ತಿಯಲ್ಲಿ ಇನ್ನೂ ಸೂಕ್ಷ್ಮಕ್ಕೆ ಇಳಿದಿದ್ದಾರೆ. ರಾಕೆಟ್ಟಿನ ಆಟಗಳಿಗೆ ಬೇರೆಯೇ ಅಂಕ. ಸೈನ್ಯದ ಕೆಲಸದಲ್ಲಿ ಆದುದಾದರೆ ವೈ 99.1, ಅದೇ ಸೈನಿಕನು ಕೆಲಸದ ಹೊತ್ತಿನ ಹೊರಗೆ ಆಡುತ್ತಿದ್ದರೆ ಆ ಅಂಕವನ್ನು ಹಾಕಕೂಡದು, ವೈ 99.8 ಹಾಕಬೇಕು. ಭಾರತದ ಸೈನ್ಯದ ನಿಯಮವು ಮಾತುಗಳಲ್ಲಿ ಎಳೆದ ಗೆರೆಯನ್ನು ಅವರು ಅಂಕದಲ್ಲಿ ಎಳೆದಿದ್ದಾರೆ, ಗೆರೆ ಬಿದ್ದ ಎಡೆ ಮಾತ್ರ ಒಂದೇ ಅಲ್ಲ. ಇದನ್ನೆಲ್ಲ ಓದಿದಾಗ ಮನುಷ್ಯನ ಒಂದೊಂದು ನೋವಿಗೂ ಒಂದೊಂದು ಗೂಡು ಸಿದ್ಧವಾಗಿದೆಯೆಂದು ಭ್ರಮೆಯಾಗುವುದು ಸಹಜ.

ಆದರೆ ಅಂಗಳದ ಚಪ್ಪರದಲ್ಲಿ ಕುಳಿತವರ ಸ್ಥಿತಿಯನ್ನು ನೋಡಬೇಕು. ಮಲೆನಾಡಿನಲ್ಲಿ ಅಡಿಕೆಯನ್ನು ಹಸಿಯಾಗಿರುವಾಗಲೇ ಕೊಯ್ದು ಸುಲಿದು ಬೇಯಿಸುವರು. ಕೊಯ್ದ ಕಾಯನ್ನು ಬಹುದಿನ ಇಡುವಂತಿಲ್ಲ. ಆದುದರಿಂದ ಸುಲಿತವು ರಾತ್ರಿಯ ಮೇಲೆ ರಾತ್ರಿ ನಡೆಯುವುದು. ಹಲಗೆಗೆ ನಿಲ್ಲಿಸಿದ ಮೆಟ್ಟುಗತ್ತಿಯನ್ನು ಕಾಲಿನಿಂದ ಅದುಮಿ ಹಿಡಿದು, ಕಾಯನ್ನು ಅಲಗಿಗೆ ಒತ್ತಿ, ಮಣಿಕಟ್ಟನ್ನು ತಿರುಚಿ ಸಿಪ್ಪೆಯನ್ನು ಬಿಡಿಸಬೇಕು. ಒಂದು ಕಾಯಿಗೆ ಎರಡು ಮೂರು ತಿರುಚು. ಕೂಲಿ ಡಬ್ಬದ ಲೆಕ್ಕ. ಒಂದು ಡಬ್ಬಕ್ಕೆ ಎಷ್ಟು ಕಾಯಿ ಹಿಡಿಯುವುದೆಂದು ಯಾರೂ ಎಣಿಸಿ ನೋಡುವುದಿಲ್ಲ, ಎಣಿಸಿದರೆ ಸುಲಿಯುವ ಮನಸ್ಸಾಗದು. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡರೂ ಕರೆ ಹತ್ತಿ ಕಪ್ಪಾಗುವುವು. ಆ ಕಪ್ಪನ್ನು ಎಲ್ಲರೂ ಕಾಣುವರು. ಮೊಣಕೈಯ ಸವೆತ ಕಾಣುವುದಿಲ್ಲ. ಈಚೆಗೆ ಸುಲಿಯುವ ಯಂತ್ರಗಳು ಬಂದಿವೆ, ದೊಡ್ಡ ತೋಟದವರು ಇಟ್ಟುಕೊಂಡಿದ್ದಾರೆ. ಸಣ್ಣ ಮನೆಗಳಲ್ಲಿ ಇನ್ನೂ ಕತ್ತಿಯೇ.

ತೀರ್ಥಹಳ್ಳಿಯ ಕಡೆಗೆ ಕೊಟ್ಟಿದ್ದ ತಂಗಿಯು ಪ್ರತಿವರ್ಷವೂ ಸುಗ್ಗಿಗೆ ತವರಿಗೆ ಬರುತ್ತಿದ್ದಳು. ಹಗಲು ನೆರೆಮನೆಯಲ್ಲಿ ಕೂಲಿಗೆ ಸುಲಿಯುವಳು, ರಾತ್ರಿ ಅಣ್ಣನ ಮನೆಯಲ್ಲಿ ಸುಮ್ಮನೆ ಸುಲಿಯುವಳು. ಪುಸ್ತಕದ ಪ್ರಕಾರ ಅಂಕ ಹಾಕುವುದಾದರೆ ಹಗಲಿನ ಮೊಣಕೈಗೆ 2, ರಾತ್ರಿಯ ಮೊಣಕೈಗೆ 3. ಆದರೆ ಅದು ಗಾಯವೇ ಅಲ್ಲವಾದ್ದರಿಂದ ಆ ಪ್ರಶ್ನೆಯೇ ಏಳುವುದಿಲ್ಲ. ಕೊನೆಗೌಡನು ಮರದಿಂದ ಬಿದ್ದರೆ ದಿನಾಂಕವುಂಟು, ಹೊತ್ತುಂಟು, ಕೂಗು ಕೇಳಿ ಓಡಿಬಂದವರುಂಟು, ಆಸ್ಪತ್ರೆಯಲ್ಲಿ ಪೋಲೀಸರಿಗೆ ತಿಳಿಸುವ ಕಾಗದವೂ ಉಂಟು. ಮೆಟ್ಟುಗತ್ತಿಯ ಮುಂದೆ ಕುಳಿತವಳಿಗೆ ಯಾವುದೂ ಇಲ್ಲ. ಈ ಬೇನೆಯವರಲ್ಲಿ ಟೆನ್ನಿಸ್ ಆಡುವವರು ಸ್ವಲ್ಪವೇ ಮಂದಿ, ಉಳಿದವರೆಲ್ಲ ಕೈಕೆಲಸದವರು ಎಂಬುದು ವೈದ್ಯರಿಗೆ ಗೊತ್ತಿರುವ ಮಾತೇ. ಆದರೂ ಹೆಸರು ಆಟದ್ದೇ ಉಳಿದಿದೆ, ಮತ್ತು ಹೆಸರನ್ನು ಬರೆದಮೇಲೆ ಕಾರಣವನ್ನೂ ಬರೆದಂತೆ ತೋರುವುದರಿಂದ ಯಾರೂ ಮುಂದೆ ಕೇಳುವುದಿಲ್ಲ.

ಈ ನಾಡಿನ ಹೆಸರು ವೈದ್ಯರ ಪುಸ್ತಕವನ್ನು ಸೇರಿಯೇ ಇಲ್ಲವೆಂದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು, ಜನರಿಗೂ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಎಲ್ಲಿ ಯಾವಾಗ ಯಾರಿಗೆ ಎಂದು ಬರೆದುಕೊಂಡು ಹೋಗಿ ಹೊಸ ವಿಷಾಣುವನ್ನು ಗುರುತಿಸಿದರು. ಇಂದು ಆ ಪಟ್ಟಿಯಲ್ಲಿ ಎ 98.2 ಎಂಬಲ್ಲಿ ಕ್ಯಾಸನೂರು ಎಂಬ ಹೆಸರು ಅಚ್ಚಾಗಿದೆ. ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯ ಹೆಸರೂ, ಅಲ್ಲಿಯ ಬಡ ಕುಟುಂಬಗಳ ಸೊಂಟ ಮಂಡಿಗಳನ್ನು ಮುರುಟಿಸಿದ ಬೇನೆಯ ದೆಸೆಯಿಂದ, 1970ರ ದಶಕದ ಈಚೆಗೆ ವೈದ್ಯರ ಲೇಖನಗಳನ್ನು ಸೇರಿತು. ಹವಾಲ್ದಾರರು ತಂಗಿಯನ್ನು ಸಾಗರಕ್ಕೆ ಕರೆದೊಯ್ದ ಆ ವರ್ಷದ ಮೊದಲ ತಿಂಗಳುಗಳಲ್ಲಿಯೇ ಅರಳಗೋಡಿನಲ್ಲಿ ಮಂಗನ ಕಾಯಿಲೆಯಿಂದ ಸಾವುಗಳಾಗಿದ್ದುವು. ಆಸ್ಪತ್ರೆಯ ಜಗುಲಿಯಲ್ಲಿ ಕುಳಿತವರು ಇನ್ನೂ ಅದನ್ನೇ ಮಾತನಾಡುತ್ತಿದ್ದರು. ಅಂತಹ ರೋಗಗಳ ಮುಂದೆ ಒಂದು ಮೊಣಕೈ ಎಷ್ಟರದು ಎಂದು ಕೇಳಿದರೆ ಒಪ್ಪಲೇಬೇಕು. ಮೊಣಕೈ ನೋವಿನಿಂದ ಯಾರೂ ಸಾಯುವುದಿಲ್ಲ. ಕೊಡಪಾನವನ್ನು ಎತ್ತಲಾಗದು, ತಲೆ ಬಾಚಲಾಗದು, ಸುಗ್ಗಿಯ ಕೂಲಿ ಕೈತಪ್ಪುವುದು. ಅಷ್ಟೆ. ಆ ಕೂಲಿಯಲ್ಲಿ ತಂಗಿಯು ವರ್ಷದ ಬಟ್ಟೆಯನ್ನೂ ಮಗಳ ಶಾಲೆಯ ಖರ್ಚನ್ನೂ ತೂಗಿಸುತ್ತಿದ್ದಳು.

ಊಟವಾದ ಮೇಲೆ ಹವಾಲ್ದಾರರು ಒಂದು ಹಳೆಯ ಲೆಕ್ಕದ ಪುಸ್ತಕವನ್ನು ತಂದು, ಕನ್ನಡಕವನ್ನು ಏರಿಸಿ, ಆಫೀಸಿನಲ್ಲಿ ಮಾಡುತ್ತಿದ್ದಂತೆಯೇ ಅಂಕಣಗಳನ್ನು ಗೆರೆಯೆಳೆದು ತಂಗಿಯನ್ನು ಕರೆದರು.

“ಇದು ಶುರುವಾದ್ದು ಯಾವಾಗ?”

ಕೇಳಿದ ಮೇಲೆ ಅವರಿಗೆ ತಮ್ಮ ಧ್ವನಿಯಲ್ಲಿ ಡಾಕ್ಟರ್ ಸಾಹೇಬರ ಧ್ವನಿ ಕೇಳಿಸಿತು.

“ಯಾವಾಗ ಅಂತ ಹೇಳೋದು ಅಣ್ಣಯ್ಯ? ಮೊನ್ನೆ ದೀಪಾವಳಿಗೆ ನೋವಿತ್ತು. ಹೋದ ವರ್ಷದ ಸುಗ್ಗಿಗೂ ಇತ್ತು, ಮಳೆಗಾಲದಲ್ಲಿ ಬಿಟ್ಟಿತ್ತು. ಕತ್ತಿ ಮುಂದೆ ಕೂತರೆ ಬರ್ತದೆ, ಎದ್ದರೆ ಹೋಗ್ತಿತ್ತು. ಈಗ ಎದ್ದರೂ ಹೋಗ್ತಾ ಇಲ್ಲ.”

ಹವಾಲ್ದಾರರು ದಿನಾಂಕದ ಅಂಕಣವನ್ನು ಹೊಡೆದುಹಾಕಿ ಅದರ ಮೇಲೆ ಎಷ್ಟು ಸುಗ್ಗಿ ಎಂದು ಬರೆದರು. ಅದರ ಪಕ್ಕದಲ್ಲಿ ದಿನಕ್ಕೆ ಎಷ್ಟು ಡಬ್ಬ, ಯಾವ ಕೈ, ಬಿಟ್ಟರೆ ಹೋಗುತ್ತದೆಯೇ ಎಂಬ ಮೂರು ಅಂಕಣಗಳಾದುವು. ಕಂಡವರು ಯಾರು ಎಂಬುದಕ್ಕೆ ಬದಲಾಗಿ ಮಗ್ಗುಲಲ್ಲಿ ಕುಳಿತು ಸುಲಿಯುವವರು ಯಾರು ಎಂದಾಯಿತು. ಮರುದಿನ ಚಪ್ಪರದಲ್ಲಿ ಉಳಿದವರನ್ನೂ ಕೇಳಿದರು. ಮೊದಲು ನಕ್ಕವರೇ ಒಬ್ಬೊಬ್ಬರಾಗಿ ತೋಳನ್ನು ಮುಂದೆ ಚಾಚಿದರು. ಒಬ್ಬ ಮುದುಕಿಯು ತನ್ನದು ಎಂದೋ ಬಂದು ಎಂದೋ ಹೋಯಿತೆಂದೂ, ಈಗ ಕೇಳುವವರು ಬಂದರೆಂದೂ ಬೈದಳು. ಅದನ್ನೂ ಬರೆದುಕೊಂಡರು.

ಮುಂದಿನ ತಿಂಗಳು ಪುನಃ ಸಾಗರಕ್ಕೆ ಹೋದಾಗ ಆ ಪುಸ್ತಕವೂ ಚೀಲದಲ್ಲಿತ್ತು. ವೈದ್ಯರು ತರುಣರು. ಹೊರಗೆ ಸಾಲು ಉದ್ದವಾಗಿದ್ದರೂ ಎರಡು ಪುಟಗಳನ್ನು ಓದಿದರು. ಕತ್ತಿಯ ಎತ್ತರವೆಷ್ಟು, ಕಾಯನ್ನು ಯಾವ ಕೈಯಲ್ಲಿ ಹಿಡಿಯುವುದು, ತಿರುಚುವುದು ಹೇಗೆ ಎಂದು ಕೇಳಿದರು. ತಂಗಿಯು ಮೇಜಿನ ಮೇಲಿದ್ದ ಔಷಧಿಯ ಒಂದು ಸಣ್ಣ ಡಬ್ಬಿಯನ್ನು ಕಾಯಿಯಂತೆ ಹಿಡಿದು ತೋರಿಸಿದಳು. ಸೂಜಿಮದ್ದು ಕೊಟ್ಟರೆ ಬೇಗ ವಾಸಿಯಾಗುವುದಲ್ಲವೇ ಎಂದು ಹವಾಲ್ದಾರರು ಕೇಳಲು, ಕೆಲವು ವಾರ ಹಾಯೆನಿಸಿದರೂ ವರ್ಷದ ಮೇಲೆ ನೋಡಿದರೆ ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚೆಂದು ಕಂಡುಬಂದಿದೆಯೆಂದು ಹೇಳಿ, ಮಣಿಕಟ್ಟಿಗೆ ಮಾಡತಕ್ಕ ವ್ಯಾಯಾಮವನ್ನು ಕಲಿಸಿಕೊಟ್ಟರು. ಈ ಸುಗ್ಗಿಗೆ ಇನ್ನು ಕತ್ತಿಯ ಮುಂದೆ ಕುಳಿತುಕೊಳ್ಳಬಾರದೆಂದರು.

ಹೊರರೋಗಿಗಳ ಪುಸ್ತಕದಲ್ಲಿ ಕೆಲಸವನ್ನು ಬರೆಯುವ ಅಂಕಣವಿಲ್ಲವೆಂದು ವೈದ್ಯರೇ ಹೇಳಿದರು. ಚೀಟಿಯನ್ನು ತೆಗೆದುಕೊಂಡು, ಹಿಂದೆ ಬರೆದಿದ್ದ ಎರಡು ಇಂಗ್ಲಿಷ್ ಮಾತುಗಳ ಕೆಳಗೆ, ಈ ಸಲ ಕನ್ನಡದಲ್ಲಿ ಬರೆದರು: ಅಡಿಕೆ ಸುಲಿತ, ಮೆಟ್ಟುಗತ್ತಿ, ಇಪ್ಪತ್ತು ಸುಗ್ಗಿ.

ಹೊಸನಗರದ ಬಸ್ಸಿನಲ್ಲಿ ತಂಗಿಯು ಅದನ್ನು ತಾನೇ ಓದಿಕೊಂಡಳು. “ಇಪ್ಪತ್ತಲ್ಲ ಅಣ್ಣಯ್ಯ, ಇಪ್ಪತ್ತೆರಡು” ಎಂದಳು. ಎಳ್ಳಮಾವಾಸ್ಯೆಯ ಜಾತ್ರೆ ಹತ್ತಿರ ಬಂದಿತ್ತು. ಆಕೆಯು ಎರಡು ದಿನ ಕಳೆದು ತೀರ್ಥಹಳ್ಳಿಗೆ ಹೊರಟಾಗ ಕೈಚೀಲವನ್ನು ಹವಾಲ್ದಾರರೇ ಬಸ್ಸಿನವರೆಗೆ ಹೊತ್ತುಕೊಂಡು ಹೋದರು. ಆ ವರ್ಷದ ಉಳಿದ ಕಾಯನ್ನು ಸುಲಿಯಲು ಅವರೇ ಕತ್ತಿಯ ಮುಂದೆ ಕುಳಿತರು, ಬಲಗೈಗೆ ಸಾಕೆನಿಸಿದಾಗ ಎದ್ದು ಪುಸ್ತಕದಲ್ಲಿ ತಮ್ಮ ಹೆಸರನ್ನೂ ಬರೆದು, ಡಬ್ಬದ ಲೆಕ್ಕವನ್ನು ತುಂಬಿದರು.